ಗೇಮ್ ಬಾಯ್ ಹಿಡಿದು ಸ್ಟೇಜ್ ಹತ್ತುವ ಮೊದಲು: ಕನ್ವೆನ್ಷನ್‌ನಲ್ಲಿ ಲೈವ್ ಚಿಪ್‌ಟ್ಯೂನ್ ನುಡಿಸಲು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಎದೆಗೆ ಬಡಿಯುವ ಹಾಡು. ಅದೇ ಹಾಡು ಕನ್ವೆನ್ಷನ್ ಹಾಲ್‌ನ ದೊಡ್ಡ ಸ್ಪೀಕರ್‌ನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಬೇಸ್ ಇಲ್ಲ, ಲೀಡ್ (ಮುಖ್ಯ ರಾಗ) ಇಲ್ಲ, ಕಿವಿ ಕೊರೆಯುವ ಕಿರ್ ಸದ್ದು ಮಾತ್ರ. ಮೊದಲ ಸಲ ಲೈವ್ ಚಿಪ್‌ಟ್ಯೂನ್, ಅಂದರೆ ಹಳೆಯ ಗೇಮ್ ಯಂತ್ರಗಳ ಸದ್ದಿನ ಚಿಪ್‌ನಿಂದ ಹುಟ್ಟಿಸುವ ಸಂಗೀತ, ನುಡಿಸಿದವರು ಬಂದು ಹೇಳಿಕೊಳ್ಳುವ ಕಷ್ಟ ಹೆಚ್ಚಾಗಿ ಇದೇ.

ಹಾಡಿನಲ್ಲಿ ತಪ್ಪಿರುವುದು ಕಡಿಮೆ. ಹೆಡ್‌ಫೋನ್ ತೂತಿನಿಂದ ಸ್ಪೀಕರ್‌ವರೆಗಿನ ದಾರಿಯಲ್ಲೇ ಜಾಸ್ತಿ ಎಡವಟ್ಟಾಗುವುದು. ಅದಕ್ಕೇ ಇಲ್ಲಿ ಹಾಡು ಕಟ್ಟುವುದನ್ನು ಹೇಳಿಕೊಡುತ್ತಿಲ್ಲ. ಕಟ್ಟಿದ ಹಾಡನ್ನು ಕೆಡದ ಹಾಗೆ ಜನರ ಕಿವಿಗೆ ಮುಟ್ಟಿಸುವುದಷ್ಟೇ ಇಲ್ಲಿನ ವಿಷಯ. ಉದಾಹರಣೆಗೆ ಹಳೆಯ ದಪ್ಪ ಗೇಮ್ ಬಾಯ್, ಅಂದರೆ 1989ರ ಡಿಎಂಜಿ ಮಾದರಿಯನ್ನು ತೆಗೆದುಕೊಂಡಿದ್ದೇನೆ. ಜೊತೆಗೆ ಅದರ ಮೇಲೆ ಓಡುವ ಎಲ್‌ಎಸ್‌ಡಿಜೆ ಟ್ರ್ಯಾಕರ್, ಅಂದರೆ ಹಾಡನ್ನು ಸಾಲು ಸಾಲಾಗಿ ಬರೆದು ನುಡಿಸುವ ತಂತ್ರಾಂಶ. ಸ್ಟೇಜ್‌ಗಳಲ್ಲಿ ಈ ಜೋಡಿಯೇ ಹೆಚ್ಚು ಕಾಣುತ್ತದೆ. ನ್ಯಾನೋಲೂಪ್ ಎಂಬ ಇಂಥದ್ದೇ ತಂತ್ರಾಂಶ ಬಳಸುವವರಿಗೂ, ಬೇರೆ ಹಳೆಯ ಯಂತ್ರ ಹಿಡಿದವರಿಗೂ ಬಹುಪಾಲು ಹೀಗೇ ಅನ್ವಯಿಸುತ್ತದೆ.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಂತ 7ರ ಪತ್ರ ಮಾತ್ರ ಶೋಗೆ ಎರಡು ವಾರ ಮೊದಲೇ ಹೋಗಲಿ. ಎಲ್ಲರೂ ಸೆಟ್‌ಲಿಸ್ಟ್‌ನಿಂದ ಶುರು ಮಾಡುತ್ತಾರೆ, ಕೇಬಲ್ ಬಗ್ಗೆ ಶೋ ದಿನ ಯೋಚಿಸುತ್ತಾರೆ. ಅದು ತಲೆಕೆಳಗಾದ ಕ್ರಮ.

## ಬ್ಯಾಗ್‌ನಲ್ಲಿ ಏನೇನಿರಬೇಕು

- ಗೇಮ್ ಬಾಯ್ ಎರಡು. ಒಂದು ನುಡಿಸಲು, ಇನ್ನೊಂದು ಕೈಕೊಟ್ಟರೆ ಬೇಕಾದೀತು ಎಂದು.
- ಹಾಡುಗಳಿರುವ ಕಾರ್ಟ್ರಿಜ್ ಎರಡು. ಎರಡರಲ್ಲೂ ಅವೇ ಹಾಡುಗಳ ಸೇವ್ ಇರಬೇಕು.
- ಹೊಸ ಎಎ ಬ್ಯಾಟರಿ ಎಂಟು.
- 3.5 ಮಿಲಿಮೀಟರ್ ಸ್ಟೀರಿಯೋ ಪಿನ್‌ನಿಂದ ಎರಡು ದೊಡ್ಡ ಮೋನೋ ಪಿನ್‌ಗೆ ಕವಲೊಡೆಯುವ ವೈ ಕೇಬಲ್, ಎರಡು.
- ಸ್ಟೀರಿಯೋ ಡಿಐ ಬಾಕ್ಸ್ (ಯಂತ್ರದ ಸದ್ದನ್ನು ಮಿಕ್ಸರ್‌ಗೆ ಹೋಗುವ ಉದ್ದ ಕೇಬಲ್‌ಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಒಂದು.
- ಗಟ್ಟಿ ಟೇಪು, ಪುಟ್ಟ ಕ್ಲಿಪ್ ಲೈಟು, ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಕಡ್ಡಿ.

ಡಿಐ ಬಾಕ್ಸ್ ಹಾಲ್‌ನವರ ಹತ್ತಿರ ಇರುತ್ತದೆ ಎಂದು ಸುಮ್ನೆ ನಂಬಿಕೊಂಡು ಹೋಗಬೇಡಿ. ಇರುತ್ತದೆ, ಆದರೆ ಅವತ್ತು ಅದನ್ನು ಬೇರೆ ಬ್ಯಾಂಡಿನವರ ಕೀಬೋರ್ಡ್‌ಗೆ ಹಾಕಿರುತ್ತಾರೆ.

## ಹಂತ 1: ಯಂತ್ರವನ್ನು ಸ್ಟೇಜ್‌ಗೆ ಅಣಿ ಮಾಡಿ

ಮೊದಲು ಬ್ಯಾಟರಿ ಗೂಡು ತೆರೆದು ನೋಡಿ. ಲೋಹದ ಪಟ್ಟಿಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ಒರೆಸಿ ತೆಗೆಯಿರಿ. ಬ್ಯಾಟರಿ ಹಾಕಿದ ಮೇಲೆ ಯಂತ್ರವನ್ನು ಮೆಲ್ಲಗೆ ಅಲುಗಾಡಿಸಿ. ಕೆಂಪು ದೀಪ ಒಂದು ಕ್ಷಣ ಮಿಣುಕಿದರೂ ಆ ಯಂತ್ರ ಸ್ಟೇಜ್‌ಗೆ ಬೇಡ. ಹಾಡಿನ ಜೋಶ್‌ನಲ್ಲಿ ನೀವು ಕುಣಿಯುತ್ತೀರಿ, ಸ್ಪ್ರಿಂಗ್ ಸರಿಯುತ್ತದೆ, ಎಲ್ಲ ಆರಿಹೋಗುತ್ತದೆ.

ಕಾರ್ಟ್ರಿಜ್‌ನ ಹಲ್ಲುಗಳನ್ನು ಹತ್ತಿ ಕಡ್ಡಿಗೆ ಆಲ್ಕೊಹಾಲ್ ಹಚ್ಚಿ ಒರೆಸಿ. ಬಾಯಿಂದ ಊದಬೇಡಿ. ಚಿಕ್ಕಂದಿನಲ್ಲಿ ಎಲ್ಲರೂ ಊದಿದವರೇ, ಅಲ್ವಾ? ಆದರೆ ಉಸಿರಿನ ತೇವ ಲೋಹವನ್ನು ತಿನ್ನುತ್ತದೆ.

ವಿದ್ಯುತ್ತಿಗೆ ಬ್ಯಾಟರಿಯೇ ಇರಲಿ. ಅಡಾಪ್ಟರ್ ಹಾಕಿದರೆ ಸದ್ದಿನ ಜೊತೆ ಗುಂಯ್ ಅನ್ನುವ ಹಮ್ ಸೇರಿಕೊಳ್ಳುವ ಅಪಾಯ ಇದೆ. ಮಾಮೂಲಿ ಅಲ್ಕಲೈನ್ ಬ್ಯಾಟರಿ 1.5 ವೋಲ್ಟ್, ರೀಚಾರ್ಜ್ ಮಾಡುವಂಥದ್ದು 1.2 ವೋಲ್ಟ್. ನಾಲ್ಕು ಸೇರಿದರೆ ಒಂದು ಕಡೆ 6, ಇನ್ನೊಂದು ಕಡೆ 4.8 ವೋಲ್ಟ್. ರಿಹರ್ಸಲ್‌ಗೆ ರೀಚಾರ್ಜ್‌ನದ್ದು ಸಾಕು. ಶೋಗೆ ಮಾತ್ರ ಹೊಸ ಅಲ್ಕಲೈನ್ ಹಾಕಿ, ಅದೂ ಸೌಂಡ್‌ಚೆಕ್ ಮುಗಿದ ಮೇಲೆ.

ಪ್ರೊಸೌಂಡ್ ಮಾಡ್ ಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಗೇಮ್ ಬಾಯ್ ಒಳಗಿನ ಚಿಕ್ಕ ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ, ವಾಲ್ಯೂಮ್ ಚಕ್ರದ ಹತ್ತಿರದಿಂದ ಸದ್ದನ್ನು ನೇರವಾಗಿ ಹೊರಗೆ ತೆಗೆಯುವ ಬೆಸುಗೆ ಕೆಲಸ ಅದು. ಬೇಸ್ ದಪ್ಪಗಾಗುತ್ತದೆ, ಹಿಂದಿನ ಸುಂಯ್ ಸದ್ದು ಕಡಿಮೆಯಾಗುತ್ತದೆ. ಒಳ್ಳೆಯದೇ, ಆದರೆ ಮೊದಲ ಶೋಗೆ ಅದಿಲ್ಲದೆಯೂ ನಡೆಯುತ್ತದೆ. ಮಾಡಿಸಿದ್ದರೆ ಒಂದು ಮಾತು ನೆನಪಿರಲಿ: ಮಾಡ್‌ನ ತೂತಿನಿಂದ ಬರುವ ಸದ್ದು ವಾಲ್ಯೂಮ್ ಚಕ್ರದ ಮಾತು ಕೇಳುವುದಿಲ್ಲ. ಯಾವಾಗಲೂ ಪೂರ್ತಿ ಸದ್ದೇ.

ಹಳೆಯ ಡಿಎಂಜಿ ಪರದೆಗೆ ಬೆಳಕಿಲ್ಲ. ಕತ್ತಲ ಸ್ಟೇಜ್ ಮೇಲೆ ಅದರಲ್ಲಿ ಏನೂ ಕಾಣುವುದಿಲ್ಲ. ಬ್ಯಾಕ್‌ಲೈಟ್ ಹಾಕಿಸಿ, ಇಲ್ಲವೇ ಕ್ಲಿಪ್ ಲೈಟ್ ಇಟ್ಟುಕೊಳ್ಳಿ. ಮನೆಯಲ್ಲೇ ದೀಪ ಆರಿಸಿ ಒಂದು ಸೆಟ್ ನುಡಿಸಿ ನೋಡಿ.

ಯಂತ್ರವನ್ನು ಶೋ ನಡೆಯುವಲ್ಲಿ ಸಾಲ ಪಡೆಯುವ ಯೋಚನೆ ಬೇಡ. ಟಿವಿಗೆ ಜೋಡಿಸುವ ಗೇಮ್ ಯಂತ್ರವಾದ ಎನ್‌ಇಎಸ್‌ನಲ್ಲಿ ಹಾಡು ಕಟ್ಟುವವರಿಗೆ ಇದು ಇನ್ನೂ ಮುಖ್ಯ. ಎರಡು ಟಿವಿ ಪದ್ಧತಿಗಳಿಗೆ ಅದರ ಎರಡು ಮಾದರಿಗಳಿವೆ: ಎನ್‌ಟಿಎಸ್‌ಸಿ ಮಾದರಿ ಸೆಕೆಂಡಿಗೆ ಸುಮಾರು 60 ಫ್ರೇಮ್ ಓಡಿದರೆ ಪಾಲ್ ಮಾದರಿ 50 ಓಡುತ್ತದೆ. ಎನ್‌ಟಿಎಸ್‌ಸಿಯಲ್ಲಿ ಕಟ್ಟಿದ ಹಾಡು ಪಾಲ್‌ನಲ್ಲಿ ಎಳೆದಾಡಿಕೊಂಡು ನಡೆಯುತ್ತದೆ, ಶ್ರುತಿಯೂ ಜಾರುತ್ತದೆ. ಕೊಮೊಡೋರ್ 64 ಕಂಪ್ಯೂಟರ್‌ನ ಹಳೆಯ 6581 ಸಿಡ್ ಎಂಬ ಸದ್ದಿನ ಚಿಪ್‌ನ ಫಿಲ್ಟರ್ ಅಂತೂ ಒಂದೊಂದು ಚಿಪ್‌ನಲ್ಲಿ ಒಂದೊಂದು ಥರ.

## ಹಂತ 2: ಸೇವ್ ಕಾಪಾಡಿಕೊಳ್ಳಿ

ತುಂಬಾ ಕಾರ್ಟ್ರಿಜ್‌ಗಳಲ್ಲಿ ಸೇವ್ ಉಳಿಯುವುದು ಒಳಗಿರುವ ಚಿಕ್ಕ ಗುಂಡಿ ಬ್ಯಾಟರಿಯಿಂದ. ಅದು ಸತ್ತರೆ ಹಾಡುಗಳೂ ಹೋದವು. ಎಚ್ಚರಿಕೆಯ ಗುರುತು ಒಂದಿದೆ: ರಾತ್ರಿ ಆರಿಸಿಟ್ಟ ಕಾರ್ಟ್ರಿಜ್‌ನಲ್ಲಿ ಬೆಳಿಗ್ಗೆ ಒಂದು ಹಾಡು ಕಾಣೆಯಾಗಿದ್ದರೂ, ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿದ್ದರೂ, ಆ ಗುಂಡಿ ಬದಲಿಸುವ ಕಾಲ ಬಂದಿದೆ.

ಶೋಗೆ ಒಂದು ವಾರ ಮೊದಲು ಸೇವ್ ಫೈಲನ್ನು ಕಂಪ್ಯೂಟರ್‌ಗೆ ತೆಗೆದಿಡಿ. ಅದನ್ನೇ ಎರಡನೇ ಕಾರ್ಟ್ರಿಜ್‌ಗೂ ಹಾಕಿ. ಆಮೇಲೆ ಎರಡನೆಯದರಿಂದ ಪೂರ್ತಿ ಸೆಟ್ ನುಡಿಸಿ ನೋಡಿ. ಫೈಲ್ ಇದೆ ಎಂದ ಮಾತ್ರಕ್ಕೆ ಅದು ಓಡುತ್ತದೆ ಎಂದಲ್ಲ.

ಎಲ್‌ಎಸ್‌ಡಿಜೆಯಲ್ಲಿ ತಿದ್ದುತ್ತಿರುವ ಹಾಡನ್ನು ಸೇವ್ ಮಾಡದೆ ಬೇರೆ ಹಾಡು ತೆರೆದರೆ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಸ್ಟೇಜ್ ಹಿಂದೆ ಕೂತು ಕೊನೆ ಗಳಿಗೆಯಲ್ಲಿ ತಿದ್ದುವ ಅಭ್ಯಾಸ ಇರುವವರು ಇದರಲ್ಲೇ ಸಿಕ್ಕಿಹಾಕಿಕೊಳ್ಳುವುದು.

## ಹಂತ 3: ಹಾಡನ್ನು ದೊಡ್ಡ ಸ್ಪೀಕರ್‌ಗೆ ತಕ್ಕಂತೆ ತಿದ್ದಿ

ಗೇಮ್ ಬಾಯ್‌ಗೆ ನಾಲ್ಕು ಚಾನೆಲ್, ಅಂದರೆ ಒಟ್ಟಿಗೆ ನುಡಿಯುವ ನಾಲ್ಕು ದನಿ: ಎರಡು ಪಲ್ಸ್ (ಚೌಕಾಕಾರದ ಅಲೆ), ಒಂದು ವೇವ್ (ನಾವೇ ಆಕಾರ ಕೊಡುವ ಅಲೆ), ಒಂದು ನಾಯ್ಸ್ (ಸುರ್ ಎನ್ನುವ ಗದ್ದಲ). ಪಲ್ಸ್ ಚಾನೆಲ್ 64 ಹರ್ಟ್ಜ್‌ಗಿಂತ ಕೆಳಗೆ ಇಳಿಯುವುದಿಲ್ಲ. ವೇವ್ ಚಾನೆಲ್ 32 ಹರ್ಟ್ಜ್‌ವರೆಗೆ ಇಳಿಯುತ್ತದೆ. ದೊಡ್ಡ ಸಬ್‌ವೂಫರ್ ಅಲುಗಾಡಬೇಕಾದರೆ ಬೇಸ್ ಮತ್ತು ಕಿಕ್ (ಡ್ರಮ್‌ನ ಧಂ ಸದ್ದು) ಎರಡೂ ವೇವ್ ಚಾನೆಲ್‌ನಲ್ಲಿರಬೇಕು. ಪಲ್ಸ್‌ನಲ್ಲಿ ಬೇಸ್ ಇಟ್ಟ ಹಾಡು ಚಿಕ್ಕ ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳುತ್ತದೆ, ಹಾಲ್‌ನಲ್ಲಿ ಬಡಕಲಾಗುತ್ತದೆ.

ಮೇಲಿನ ಸ್ವರಗಳ ಕಷ್ಟ ಇದಕ್ಕೆ ಉಲ್ಟಾ. 12.5 ಶೇಕಡಾ ಪಲ್ಸ್ ಅಗಲದ (ಅಲೆ ಮೇಲಿರುವ ಪಾಲು ಚಿಕ್ಕದಾದಷ್ಟೂ ಸದ್ದು ತೆಳು) ಲೀಡ್ ಹೆಡ್‌ಫೋನ್‌ನಲ್ಲಿ ಚುರುಕಾಗಿರುತ್ತದೆ, ಹಾಲ್‌ನಲ್ಲಿ ಸೂಜಿ ಚುಚ್ಚಿದ ಹಾಗಿರುತ್ತದೆ. ಉದ್ದಕ್ಕೂ ಎಳೆಯುವ ಸ್ವರಗಳಿಗೆ 25 ಅಥವಾ 50 ಶೇಕಡಾ ಬಳಸಿ. 12.5 ಅನ್ನು ಚಿಕ್ಕ ಚಿಕ್ಕ ಅಲಂಕಾರಕ್ಕೆ ಇಟ್ಟುಕೊಳ್ಳಿ. ತುಂಬಾ ಮೇಲಿನ ಆಕ್ಟೇವ್‌ಗಳಲ್ಲಿ ಚಿಪ್‌ಗೆ ಸರಿಯಾದ ಶ್ರುತಿ ಹಿಡಿಯಲು ಆಗುವುದೇ ಇಲ್ಲ, ಅಲ್ಲಿ ಅದರ ಮೆಟ್ಟಿಲುಗಳು ದೂರ ದೂರ. ಗಿಟಾರ್ ಅಥವಾ ಕೀಬೋರ್ಡ್ ಜೊತೆ ನುಡಿಸುವುದಾದರೆ ಲೀಡನ್ನು ಒಂದು ಆಕ್ಟೇವ್ ಇಳಿಸಿ.

ಪ್ಯಾನಿಂಗ್ ವಿಷಯಕ್ಕೆ ಬಂದರೆ, ಈ ಚಿಪ್‌ಗೆ ಮೂರೇ ಆಯ್ಕೆ: ಪೂರ್ತಿ ಎಡ, ಪೂರ್ತಿ ಬಲ, ಎರಡೂ. ಎಷ್ಟೋ ಹಾಲ್‌ಗಳು ಸ್ಪೀಕರ್‌ಗೆ ಮೋನೋ ಸದ್ದನ್ನೇ ಕಳಿಸುತ್ತವೆ. ಸ್ಟೀರಿಯೋ ಇದ್ದರೂ ಬಲಗಡೆ ಗೋಡೆಗೆ ಒರಗಿ ನಿಂತವರಿಗೆ ಎಡಗಡೆಯ ಸದ್ದು ಸರಿಯಾಗಿ ತಲುಪುವುದಿಲ್ಲ. ಲೀಡ್, ಬೇಸ್, ಕಿಕ್ ಮೂರನ್ನೂ ಎರಡೂ ಕಡೆ ಇಡಿ. ಎಡ ಬಲದ ಆಟ ಎಕೋಗೆ, ಹೈಹ್ಯಾಟ್‌ಗೆ ಸಾಕು.

## ಹಂತ 4: ಒಂದು ಟೆಸ್ಟ್ ಹಾಡು ಮಾಡಿಟ್ಟುಕೊಳ್ಳಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ದಯವಿಟ್ಟು ಮಾಡಿ. ಸೌಂಡ್‌ಚೆಕ್‌ಗೆ ಎಷ್ಟೋ ಸಲ ಐದು ನಿಮಿಷವೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಹಾಡಿನ ಮೆಲ್ಲನೆಯ ಇಂಟ್ರೋ ಹಾಕಿದರೆ ಸೌಂಡ್‌ನವರಿಗೆ ಏನೂ ಗೊತ್ತಾಗುವುದಿಲ್ಲ.

ಟ್ರ್ಯಾಕರ್‌ನಲ್ಲಿ ಖಾಲಿ ಇರುವ ಒಂದು ಹಾಡಿನ ಜಾಗದಲ್ಲಿ ಈ ಕ್ರಮದಲ್ಲಿ ಹಾಡು ಕಟ್ಟಿ:

1. ವೇವ್ ಚಾನೆಲ್‌ನಲ್ಲಿ ಕಿಕ್ ಮಾತ್ರ, 15 ಸೆಕೆಂಡ್.
2. ಅದರ ಜೊತೆ ಬೇಸ್.
3. ನಾಯ್ಸ್ ಚಾನೆಲ್ ಮಾತ್ರ.
4. ಒಂದು ಪಲ್ಸ್ ಪೂರ್ತಿ ಎಡಕ್ಕೆ, ಆಮೇಲೆ ಅದೇ ಸ್ವರ ಪೂರ್ತಿ ಬಲಕ್ಕೆ, ಆಮೇಲೆ ಎರಡೂ ಕಡೆ.
5. ನಿಮ್ಮ ಸೆಟ್‌ನಲ್ಲೇ ಅತಿ ಜೋರಾದ ಭಾಗ, ನಾಲ್ಕೂ ಚಾನೆಲ್ ಸೇರಿಸಿ, 30 ಸೆಕೆಂಡ್.

ನಾಲ್ಕನೇ ಸಾಲು ಎಲ್ಲಕ್ಕಿಂತ ಮುಖ್ಯ. ಏಕೆ ಎಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

## ಹಂತ 5: ಕೇಬಲ್ ದಾರಿ

ನನ್ನ ಮೊದಲ ಶೋನಲ್ಲಿ ನಡೆದದ್ದನ್ನು ಹೇಳುತ್ತೇನೆ. ಎರಡೂ ತುದಿಗೆ ಸ್ಟೀರಿಯೋ ಪಿನ್ ಇರುವ ಕೇಬಲ್ ಒಂದನ್ನು ತಂದಿದ್ದೆ. ಒಂದು ತುದಿ ಗೇಮ್ ಬಾಯ್‌ಗೆ, ಇನ್ನೊಂದು ನೇರ ಮಿಕ್ಸರ್‌ಗೆ. ಪಿನ್ ಸರಿಯಾಗಿ ಕೂತಿತ್ತು, ಮಿಕ್ಸರ್ ದೀಪಗಳೂ ಏರಿಳಿಯುತ್ತಿದ್ದವು. ಆದರೆ ಸ್ಪೀಕರ್‌ನಲ್ಲಿ ಲೀಡ್ ಇಲ್ಲ, ಕಿಕ್ ಇಲ್ಲ. ಎಡಕ್ಕೂ ಬಲಕ್ಕೂ ಹಂಚಿಟ್ಟಿದ್ದ ಎಕೋ ಮಾತ್ರ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಜನ 25 ನಿಮಿಷ ಎಕೋವನ್ನೇ ಕೇಳಿದರು. ಅವತ್ತು ಯಂತ್ರವೇ ಕೆಟ್ಟಿತು ಎಂದುಕೊಂಡು ಮನೆಗೆ ಬಂದೆ. ಹೆಡ್‌ಫೋನ್ ಹಾಕಿ ಕೇಳಿದರೆ ಎಲ್ಲ ಸರಿಯಾಗಿದೆ!

ಕಾರಣ ಇಷ್ಟು. ಮಿಕ್ಸರ್‌ನ ಆ ತೂತು ಬ್ಯಾಲೆನ್ಸ್ಡ್ ಮೋನೋ ಸದ್ದಿಗಾಗಿ ಇರುವುದು. ಪಿನ್‌ನ ತುದಿಯಲ್ಲಿ ಬಂದ ಸದ್ದಿನಿಂದ ನಡುವಿನ ಉಂಗುರದಲ್ಲಿ ಬಂದ ಸದ್ದನ್ನು ಅದು ಕಳೆಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ತೆಗೆಯುವ ಉಪಾಯ ಅದು. ಆದರೆ ಗೇಮ್ ಬಾಯ್ ತುದಿಯಲ್ಲಿ ಎಡ ಸದ್ದನ್ನೂ ಉಂಗುರದಲ್ಲಿ ಬಲ ಸದ್ದನ್ನೂ ಕಳಿಸುತ್ತದೆ. ಎರಡೂ ಕಡೆ ಒಂದೇ ಆಗಿರುವ ಸದ್ದು ಅಂದರೆ ಲೀಡ್, ಬೇಸ್, ಕಿಕ್. ಒಂದರಿಂದ ಇನ್ನೊಂದು ಕಳೆದಾಗ ಅವೆಲ್ಲ ಸೊನ್ನೆ. ಒಂದೇ ಕಡೆ ಇದ್ದದ್ದು ಉಳಿಯುತ್ತದೆ.

ಸರಿಯಾದ ದಾರಿ ಹೀಗಿದೆ:

1. ಗೇಮ್ ಬಾಯ್‌ನಿಂದ ವೈ ಕೇಬಲ್. ಸ್ಟೀರಿಯೋ ಒಂದು ತುದಿ, ಮೋನೋ ಎರಡು ತುದಿ.
2. ಎರಡು ಮೋನೋ ತುದಿ ಸ್ಟೀರಿಯೋ ಡಿಐ ಬಾಕ್ಸ್‌ನ ಎರಡು ತೂತಿಗೆ.
3. ಡಿಐ ಬಾಕ್ಸ್‌ನಿಂದ ಎರಡು ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್‌ನ) ಕೇಬಲ್ ಸ್ಟೇಜ್ ಬಾಕ್ಸ್‌ಗೆ, ಅಂದರೆ ಸ್ಟೇಜ್‌ನ ಲೈನ್‌ಗಳನ್ನು ಮಿಕ್ಸರ್‌ಗೆ ಒಯ್ಯುವ ಪೆಟ್ಟಿಗೆಗೆ. ಇದನ್ನು ಸೌಂಡ್‌ನವರೇ ಹಾಕಲಿ.

ಡಿಐಗೆ ಒಂದೇ ತೂತು ಇದ್ದರೆ ಎಡ ಪಿನ್ ಮಾತ್ರ ಹಾಕಿ ಸುಮ್ಮನಾಗಬೇಡಿ. ಬಲಕ್ಕೆ ಇಟ್ಟದ್ದೆಲ್ಲ ಕಾಣೆಯಾಗುತ್ತದೆ. ಚಿಕ್ಕ ಮಿಕ್ಸರ್ ಒಂದಿದ್ದರೆ ಎಡ ಬಲ ಎರಡನ್ನೂ ಅದರಲ್ಲಿ ಸೇರಿಸಿ, ಮೋನೋ ಮಾಡಿ ಕಳಿಸಿ. ಅದೂ ಇಲ್ಲದಿದ್ದರೆ ಹಾಡಿನಲ್ಲೇ ಎಲ್ಲವನ್ನೂ ಎರಡೂ ಕಡೆ ಇಟ್ಟುಬಿಡಿ, ಆಗ ಎಡ ಪಿನ್ ಒಂದೇ ಸಾಕಾಗುತ್ತದೆ.

ಯಾರಾದರೂ 3.5 ಮಿಲಿಮೀಟರ್ ಪಿನ್‌ನಿಂದ ನೇರ ಎಕ್ಸ್‌ಎಲ್‌ಆರ್‌ಗೆ ಹೋಗುವ ಕೇಬಲ್ ಕೊಟ್ಟರೆ ಬೇಡ ಎನ್ನಿ. ಮಿಕ್ಸರ್‌ನಲ್ಲಿ ಮೈಕ್‌ಗಳಿಗಾಗಿ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಇದ್ದರೆ ಅದು ನಿಮ್ಮ ಯಂತ್ರದೊಳಗೆ ಹೋಗಿ ಕೆಡಿಸಬಹುದು. ನಡುವೆ ಡಿಐ ಬಾಕ್ಸ್ ಇದ್ದರೆ ಈ ಭಯ ಇಲ್ಲ.

ಹಮ್ ಬಂದರೆ ಮೊದಲು ನೋಡಬೇಕಾದ್ದು ಲ್ಯಾಪ್‌ಟಾಪ್ ಚಾರ್ಜರ್. ತಾಳ ಹೊಂದಿಸುವ ಸಿಂಕ್‌ಗೋ ವಿಡಿಯೋಗೋ ಗೇಮ್ ಬಾಯ್ ಜೊತೆ ಲ್ಯಾಪ್‌ಟಾಪ್ ಸೇರಿಸಿದ್ದರೆ ಚಾರ್ಜರ್ ಕಿತ್ತು ನೋಡಿ. ಹಮ್ ಹೋದರೆ ಅದು ಗ್ರೌಂಡ್ ಲೂಪ್ (ಎರಡು ಅರ್ತ್ ದಾರಿಗಳ ನಡುವೆ ಸುತ್ತುವ ಕರೆಂಟಿನ ಸದ್ದು). ಡಿಐ ಬಾಕ್ಸ್ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಮುರಿಯುವ ಅಥವಾ ಟೇಪ್ ಸುತ್ತುವ ಸಾಹಸ ಖಂಡಿತ ಬೇಡ. ಅದರಲ್ಲಿ ಜೀವ ಹೋಗುವ ಅಪಾಯ ಇದೆ.

## ಹಂತ 6: ಸೆಟ್ ಕಟ್ಟಿ

ಎಲ್‌ಎಸ್‌ಡಿಜೆಯಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಸದ್ದು ನಿಲ್ಲುತ್ತದೆ. ಆ ಕೆಲವು ಸೆಕೆಂಡ್ ಸ್ಟೇಜ್ ಮೇಲೆ ಯುಗದಷ್ಟು ಉದ್ದ. ಇದಕ್ಕೆ ಎರಡು ದಾರಿ. ಮೊದಲನೆಯದು ಎರಡು ಗೇಮ್ ಬಾಯ್ ಮತ್ತು ಒಂದು ಡಿಜೆ ಮಿಕ್ಸರ್: ಒಂದು ನುಡಿಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಹಾಡು ತೆರೆಯಿರಿ. ಎರಡನೆಯದು ಮೈಕ್ ಹಿಡಿದು ಜನರ ಜೊತೆ ಮಾತಾಡುವುದು. ಮಾತಾಡುವುದಾದರೆ ಏನು ಹೇಳಬೇಕು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ.

ಎಲ್‌ಎಸ್‌ಡಿಜೆಯ ಲೈವ್ ಮೋಡ್ ಬಳಸುವವರಿಗೆ ಒಂದು ಮಾತು. ಅಲ್ಲಿ ಪ್ರತಿ ಚಾನೆಲ್‌ನ ಚೈನನ್ನೂ (ಫ್ರೇಸ್ ಎಂಬ ಚಿಕ್ಕ ತುಣುಕುಗಳ ಸಾಲು) ಬೇರೆ ಬೇರೆಯಾಗಿ ಶುರು ಮಾಡಬಹುದು. ಹೊಸದು ಶುರುವಾಗುವುದು ಆ ಚಾನೆಲ್‌ನಲ್ಲಿ ಓಡುತ್ತಿರುವ ಚೈನ್ ಮುಗಿದ ಮೇಲೆ. ಒಂದು ಚಾನೆಲ್‌ನ ಚೈನ್ ನಾಲ್ಕು ಫ್ರೇಸ್, ಇನ್ನೊಂದರದ್ದು ಮೂರು ಇದ್ದರೆ ಬದಲಾವಣೆ ಒಟ್ಟಿಗೆ ಬೀಳುವುದಿಲ್ಲ. ಎಲ್ಲ ಚೈನ್‌ಗಳನ್ನೂ ಒಂದೇ ಉದ್ದಕ್ಕೆ ಕಟ್ಟಿ. ನಾನು ನಾಲ್ಕು ಫ್ರೇಸ್ ಇಡುತ್ತೇನೆ.

ಎರಡು ಗೇಮ್ ಬಾಯ್‌ಗಳನ್ನು ಲಿಂಕ್ ಕೇಬಲ್‌ನಿಂದ ಜೋಡಿಸುವುದಾದರೆ ಹಿಂಬಾಲಿಸುವ ಯಂತ್ರದಲ್ಲಿ ಮೊದಲು ಸ್ಟಾರ್ಟ್ ಒತ್ತಿ, ಅದು ಕಾಯುತ್ತಾ ನಿಲ್ಲುತ್ತದೆ. ಆಮೇಲೆ ಮುಂದಾಳು ಯಂತ್ರದಲ್ಲಿ ಒತ್ತಿ. ಎರಡರಲ್ಲೂ ಎಲ್‌ಎಸ್‌ಡಿಜೆಯ ಒಂದೇ ಆವೃತ್ತಿ ಇರಲಿ. ಡಿಎಂಜಿಯ ಲಿಂಕ್ ತೂತು ದೊಡ್ಡದು, ಪಾಕೆಟ್ ಮತ್ತು ಕಲರ್ ಮಾದರಿಗಳದ್ದು ಚಿಕ್ಕದು. ಕೇಬಲ್ ಕೊಳ್ಳುವ ಮೊದಲು ನೋಡಿಕೊಳ್ಳಿ.

ಡ್ರಮ್ಸ್, ಗಿಟಾರ್ ಇರುವ ಬ್ಯಾಂಡ್ ಜೊತೆ ಗೇಮ್ ಸಂಗೀತ ನುಡಿಸುವುದಾದರೆ ತಾಳ ಚಿಪ್‌ನದ್ದೇ. ಚಿಪ್ ಯಾರಿಗೂ ಕಾಯುವುದಿಲ್ಲ. ಡ್ರಮ್ಮರ್‌ನ ಕಿವಿಗೆ ಗೇಮ್ ಬಾಯ್ ಸದ್ದು ಜೋರಾಗಿ ಹೋಗಬೇಕು. ಅದು ಸಿಗದ ಸ್ಟೇಜ್‌ನಲ್ಲಿ ಬ್ಯಾಂಡ್ ಜೊತೆ ನುಡಿಸಬೇಡಿ, ಒಬ್ಬರೇ ನುಡಿಸಿ.

ಶುರುವಿಗೆ ನಿಮಗೆ ನಿದ್ದೆಯಲ್ಲೂ ಬರುವ ಹಾಡು ಇಡಿ. ಕೈ ನಡುಗುವುದು ಮೊದಲ ಮೂರು ನಿಮಿಷ.

## ಹಂತ 7: ಸಂಘಟಕರಿಗೆ ಮೊದಲೇ ಬರೆಯಿರಿ

ಎರಡು ವಾರ ಮೊದಲು ಒಂದು ಚಿಕ್ಕ ಪತ್ರ ಸಾಕು, ಹೀಗೆ: ಎರಡು ಲೈನ್ ಬೇಕು, ಎಡ ಮತ್ತು ಬಲ. ಸ್ಟೀರಿಯೋ ಡಿಐ ನಾನೇ ತರುತ್ತೇನೆ. ಸೊಂಟದ ಎತ್ತರದ ಗಟ್ಟಿ ಮೇಜು ಬೇಕು. ನನ್ನ ಕಡೆ ತಿರುಗಿಸಿಟ್ಟ ಒಂದು ಮಾನಿಟರ್ ಸ್ಪೀಕರ್ ಬೇಕು. ಇಷ್ಟು ಸ್ಪಷ್ಟವಾಗಿ ಬರೆದವರಿಗೆ ಇಷ್ಟು ಸಿಗುತ್ತದೆ.

ಇದರ ಜೊತೆ ಎರಡು ವಿಷಯ ಕೇಳಿ. ಒಂದು, ಶೋವನ್ನು ರೆಕಾರ್ಡ್ ಅಥವಾ ನೇರ ಪ್ರಸಾರ ಮಾಡುತ್ತೀರಾ? ಗೇಮ್‌ಗಳ ಹಾಡನ್ನು ನಿಮ್ಮ ರೀತಿಯಲ್ಲಿ ನುಡಿಸಿದರೂ ಆ ರಾಗದ ಹಕ್ಕು ಬೇರೆಯವರದ್ದು. ಹಾಲ್‌ನಲ್ಲಿ ನುಡಿಸುವ ಅನುಮತಿ ಬೇರೆ, ವಿಡಿಯೋದಲ್ಲಿ ಹಾಕುವ ಅನುಮತಿ ಬೇರೆ. ಯಾವ ಹಾಡು ಸ್ವಂತದ್ದು, ಯಾವುದು ಗೇಮ್‌ನದ್ದು ಎಂದು ಪಟ್ಟಿ ಕೊಡಿ. ಎರಡು, ಪರದೆ ಮೇಲೆ ಮಿಂಚುವ ಚಿತ್ರಗಳಿರುತ್ತವೆಯಾ? ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು ಕೆಲವರಿಗೆ ಫಿಟ್ಸ್ ತರಬಹುದು. ಅದನ್ನು ಕಡಿಮೆ ಮಾಡಿಸಿ, ಬಾಗಿಲಲ್ಲಿ ಎಚ್ಚರಿಕೆ ಹಾಕಿಸಿ.

## ಹಂತ 8: ಸೌಂಡ್‌ಚೆಕ್

ಪಿನ್ ಹಾಕುವ ಮೊದಲು, ಗೇಮ್ ಬಾಯ್ ಆನ್ ಮಾಡುವ ಮೊದಲು, "ಮ್ಯೂಟ್ ಮಾಡಿದ್ದೀರಾ?" ಎಂದು ಕೇಳಿ ಉತ್ತರಕ್ಕೆ ಕಾಯಿರಿ. ಆನ್ ಮಾಡುವಾಗ ಬರುವ ಠಪ್ ಸದ್ದು ಸ್ಪೀಕರ್‌ಗೂ ಒಳ್ಳೆಯದಲ್ಲ, ಕಿವಿಗೂ ಒಳ್ಳೆಯದಲ್ಲ.

ಹೆಡ್‌ಫೋನ್ ತೂತು ಬಳಸುತ್ತಿದ್ದರೆ ವಾಲ್ಯೂಮ್ ಚಕ್ರವನ್ನು ಮುಕ್ಕಾಲಿಗೆ ಇಡಿ, ಅಲ್ಲೇ ಚೂರು ಟೇಪ್ ಅಂಟಿಸಿ. ಆಮೇಲೆ ಅದನ್ನು ಮುಟ್ಟುವಂತಿಲ್ಲ. ಜೋರು ಕಡಿಮೆ ಮಾಡುವುದು ಮಿಕ್ಸರ್‌ನವರ ಕೆಲಸ.

ಈಗ ಟೆಸ್ಟ್ ಹಾಡು ಹಾಕಿ. ಮೇಲೆ ಹೇಳಿದ ನಾಲ್ಕನೇ ಸಾಲು ಬಂದಾಗ ಗಮನವಿಟ್ಟು ಕೇಳಿ. ಎಡ ಮತ್ತು ಬಲ ಕೇಳಿ, "ಎರಡೂ ಕಡೆ" ಬಂದಾಗ ಸದ್ದು ಮಾಯವಾದರೆ ಕೇಬಲ್ ತಪ್ಪು. ಎಡ ಮಾತ್ರ ಕೇಳಿ ಬಲ ಕೇಳದಿದ್ದರೆ ಒಂದು ಲೈನ್ ಸತ್ತಿದೆ ಅಥವಾ ಮ್ಯೂಟ್ ಆಗಿದೆ. ಇದಕ್ಕೆ ತಗಲುವುದು ಒಂದು ನಿಮಿಷ.

ಸೌಂಡ್‌ನವರಿಗೆ ಹೇಳಬೇಕಾದ್ದು ಮೂರೇ ಮಾತು. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಬೇಡ, ಈ ಸದ್ದು ಮೊದಲೇ ಚಪ್ಪಟೆಯಾಗಿದೆ. 3,000 ಹರ್ಟ್ಜ್ ಆಸುಪಾಸು ಸ್ವಲ್ಪ ಇಳಿಸಿ, ಕಿವಿಗೆ ಚುಚ್ಚುವುದು ಅಲ್ಲೇ. ಕಿರ್ ಎನ್ನುವ ಒರಟುತನ ಬೇಕೆಂದೇ ಇರುವುದು, ಕೇಬಲ್ ಕೆಟ್ಟಿಲ್ಲ. ಮೂರನೆಯದನ್ನು ಹೇಳದೇ ಹೋದರೆ ನಿಮ್ಮ ನಾಯ್ಸ್ ಚಾನೆಲನ್ನು ಯಾವುದೋ ತೊಂದರೆ ಎಂದುಕೊಂಡು ಅವರು ತೆಗೆದುಹಾಕಲು ನೋಡುತ್ತಾರೆ. ಪಾಪ, ಅವರ ತಪ್ಪಲ್ಲ.

ಖಾಲಿ ಹಾಲ್‌ನಲ್ಲಿ ಸದ್ದು ಕಿವಿ ಕೊರೆಯುವಷ್ಟು ಚೂಪಾಗಿರುತ್ತದೆ. ಜನ ತುಂಬಿದ ಮೇಲೆ ಮೇಲಿನ ಸದ್ದನ್ನು ಮೈ ಬಟ್ಟೆ ಎಲ್ಲ ಹೀರಿಕೊಳ್ಳುತ್ತವೆ. ಹಾಗಾಗಿ ಸೌಂಡ್‌ಚೆಕ್‌ನಲ್ಲೇ ಎಲ್ಲವನ್ನೂ ಇಳಿಸಿಬಿಡಬೇಡಿ.

## ಹಂತ 9: ಸ್ಟೇಜ್ ಮೇಲೆ

ಕೇಬಲನ್ನು ಮೇಜಿನ ಕಾಲಿಗೆ ಒಂದು ಸುತ್ತು ಸುತ್ತಿ ಟೇಪ್ ಹಾಕಿ. ಯಾರಾದರೂ ಎಡವಿದರೆ ಟೇಪ್ ಎಳೆಯಲಿ, ಹೆಡ್‌ಫೋನ್ ತೂತು ಮುರಿಯದಿರಲಿ. ಗೇಮ್ ಬಾಯ್ ಕೈಯಲ್ಲಿ ಹಿಡಿದು ಕುಣಿಯುವವರು ಮಣಿಕಟ್ಟಿನ ಪಟ್ಟಿ ಹಾಕಿಕೊಳ್ಳಿ. ಕಾರ್ಟ್ರಿಜ್ ಮೇಲೂ ಅಡ್ಡಕ್ಕೆ ಒಂದು ಟೇಪ್.

ನುಡಿಸುತ್ತಿರುವಾಗ ಈ ಗುರುತುಗಳು ಕಂಡರೆ:

ಕೆಂಪು ದೀಪ ಮಂಕಾದರೆ ಈ ಹಾಡು ಮುಗಿಯುತ್ತಲೇ ಯಂತ್ರ ಬದಲಿಸಿ. ಬ್ಯಾಟರಿ ಪೂರ್ತಿ ಇಳಿಯುವ ಹೊತ್ತಿನಲ್ಲಿ ಸೇವ್ ಮಾಡಲು ಹೋಗಬೇಡಿ. ಬರೆಯುತ್ತಿರುವಾಗ ಆರಿದರೆ ಸೇವ್ ಕೆಡುತ್ತದೆ.

ಸ್ವರ ಒಂದೇ ಕಡೆ ನಿಂತು ಕೂಗುತ್ತಿದ್ದರೆ, ಪರದೆ ಕಲಸಿಹೋಗಿದ್ದರೆ, ಯಂತ್ರ ಸಿಕ್ಕಿಕೊಂಡಿದೆ. ಕಾರ್ಟ್ರಿಜ್ ಅಲುಗಾಡಿಸಬೇಡಿ. ಕೈ ಎತ್ತಿ ಮ್ಯೂಟ್ ಕೇಳಿ, ಆರಿಸಿ, ಎರಡನೇ ಯಂತ್ರಕ್ಕೆ ಪಿನ್ ಹಾಕಿ. ಈ ಬದಲಾವಣೆಯನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ನನಗೆ ಈಗ 20 ಸೆಕೆಂಡ್ ಸಾಕು. ಜನರಿಗೂ ಸಿಟ್ಟು ಬರುವುದಿಲ್ಲ. ಗೇಮ್ ಆಡಿ ಬೆಳೆದವರು ಅವರು, ಕ್ರ್ಯಾಶ್ ಆದದ್ದನ್ನು ನೋಡಿ ಚಪ್ಪಾಳೆ ಹೊಡೆದು ಜೊತೆಗೆ ನಿಲ್ಲುತ್ತಾರೆ.

ಪಿನ್ ತಿರುಗಿಸಿದಾಗಲೆಲ್ಲ ಕರಕರ ಅಂದರೆ ಹೆಡ್‌ಫೋನ್ ತೂತಿನಲ್ಲಿ ಕೊಳೆ ಇದೆ ಅಥವಾ ಬೆಸುಗೆ ಬಿಟ್ಟಿದೆ. ಅವತ್ತಿಗೆ ಸದ್ದು ಬರುವ ಜಾಗದಲ್ಲಿ ಟೇಪ್ ಹಾಕಿ ನಿಲ್ಲಿಸಿ, ಮನೆಗೆ ಹೋಗಿ ರಿಪೇರಿ ಮಾಡಿಸಿ.

ಕೊನೆಯ ಹಾಡು ಮುಗಿದ ತಕ್ಷಣ ಪಿನ್ ಕಿತ್ತು ಓಡುವವರೇ ಜಾಸ್ತಿ. ಮತ್ತೆ ಮ್ಯೂಟ್ ಕೇಳಿ, ಆಮೇಲೆ ಆರಿಸಿ, ಆಮೇಲೆ ಪಿನ್. ಗೇಮ್ ಬಾಯ್‌ನಿಂದ ಬ್ಯಾಟರಿ ನಾಲ್ಕೂ ತೆಗೆದು ಬೇರೆ ಡಬ್ಬಿಗೆ ಹಾಕಿ. ಮರೆತು ಒಳಗೇ ಬಿಟ್ಟ ಅಲ್ಕಲೈನ್ ಸೋರಿ ಆ ಲೋಹದ ಪಟ್ಟಿಗಳನ್ನು ತಿಂದುಹಾಕುತ್ತದೆ, ಮುಂದಿನ ಶೋಗೆ ಯಂತ್ರ ತೆರೆದಾಗ ಹಸಿರು ಪುಡಿ ಕಾದಿರುತ್ತದೆ.